ಮುಚ್ಚಿಕೊಂಡಿತೋ, ಮುಚ್ಚಿದರೋ? ಒಂದು ಜರ್ಮನ್ ಪದದ ಪ್ರಕರಣ

ಇದು ನಾನೇ ಮಾಡಿದ ತಪ್ಪಿನ ವರದಿ. ಸಂಬಂಧಪಟ್ಟವರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಊರು, ವಯಸ್ಸು, ಉದ್ಯೋಗ, ಗುರುತು ಹತ್ತುವಂಥ ಉಳಿದ ವಿವರಗಳನ್ನು ಬದಲಿಸಿದ್ದೇನೆ. ಬದಲಿಸದೆ ಇಟ್ಟಿರುವುದು ವೈದ್ಯರ ಪತ್ರದಲ್ಲಿದ್ದ ಒಂದೂವರೆ ಸಾಲು. ಏಕೆಂದರೆ ಇಡೀ ಪ್ರಕರಣ ಇರುವುದೇ ಅದರಲ್ಲಿ.

ಹಿನ್ನೆಲೆ

ನಾನು ಜರ್ಮನ್‌ನಿಂದ ಇಂಗ್ಲಿಷಿಗೂ ಕನ್ನಡಕ್ಕೂ ಅನುವಾದ ಮಾಡುವವಳು. ಹೊಟ್ಟೆಪಾಡಿನ ಕೆಲಸವೆಲ್ಲ ಯಂತ್ರಗಳ ಕೈಪಿಡಿಗಳದು. ಅದರಲ್ಲೂ ಬಾಟಲಿ ತುಂಬಿ ಮುಚ್ಚಳ ಬಿಗಿಯುವ ಯಂತ್ರಗಳು ನನ್ನ ಪಾಲಿಗೆ ಹನ್ನೆರಡು ವರ್ಷ ಅನ್ನ ಹಾಕಿವೆ. ವೈದ್ಯಕೀಯ ಪತ್ರಗಳು ಆಗೊಮ್ಮೆ ಈಗೊಮ್ಮೆ ಬರುತ್ತವೆ. ಜರ್ಮನಿಯಲ್ಲಿ ಹತ್ತಾರು ವರ್ಷ ದುಡಿದು ಊರಿಗೆ ಮರಳಿದವರು, ಅಲ್ಲಿ ಚಿಕಿತ್ಸೆ ಪಡೆದು ಇಲ್ಲಿ ಮುಂದುವರಿಸಬೇಕಾದವರು ಆ ಕಾಗದಗಳನ್ನು ಹಿಡಿದು ಬರುತ್ತಾರೆ.

ಹಾಗೆ ಬಂದವರು ಮೈಸೂರಿನ ಒಬ್ಬ ಮಹಿಳೆ. ಕಾಗದ ಅವರ ತಮ್ಮನದು. ತಮ್ಮ ದಕ್ಷಿಣ ಜರ್ಮನಿಯ ಒಂದು ಊರಿನಲ್ಲಿ ಎಂಜಿನಿಯರ್ ಆಗಿದ್ದರು, ಒಂಟಿ ಬದುಕು. 2018ರಲ್ಲಿ, ನಲವತ್ತರ ಕೊನೆಯಲ್ಲಿದ್ದಾಗ, ಪಾರ್ಶ್ವವಾಯು ಹೊಡೆಯಿತು. ಮಿದುಳಿನ ಎಡಭಾಗಕ್ಕೆ ಪೆಟ್ಟು. ಬಲಗೈಯಲ್ಲಿ ಶಕ್ತಿ ಕಡಿಮೆಯಾಯಿತು, ಮಾತು ಒಡೆದುಹೋಯಿತು. ಹೇಳಿದ್ದು ಅರ್ಥವಾಗುತ್ತದೆ, ಹೇಳಬೇಕೆಂದಿರುವ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಬಂದರೆ ಒಂದೇ ಪದ ಬರುತ್ತದೆ, ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಕೆಲವು ವರ್ಷ ಅಲ್ಲೇ ಇದ್ದು, ಕೊನೆಗೆ ಅಕ್ಕನ ಮನೆಗೆ ಬಂದರು.

ಅಕ್ಕನಿಗೆ ಗೊತ್ತಿದ್ದದ್ದು ಇಷ್ಟು: «ತೊಡೆಸಂದೀಲಿ ತಂತಿ ಬಿಟ್ಟು ಏನೋ ತೆಗೆದ್ರಂತೆ ಮೇಡಂ. ನಮ್ಮಮ್ಮ ಆಗ ಹಾಸಿಗೆ ಹಿಡಿದಿದ್ರು, ನಾನು ಹೋಗೋಕಾಗ್ಲಿಲ್ಲ. ಆಫೀಸಿನವರು ಫೋನ್ ಮಾಡಿ ಹೇಳ್ತಿದ್ರು.» ಆಫೀಸಿನವರು ತೊಡೆಸಂದಿಯ ತಂತಿಯ ವಿಷಯವನ್ನು ಎರಡು ಸಲ ಹೇಳಿದ್ದರು, ಕೆಲವು ತಿಂಗಳ ಅಂತರದಲ್ಲಿ. ಒಂದೇ ಸುದ್ದಿಯನ್ನು ಎರಡು ಸಲ ಹೇಳುತ್ತಿದ್ದಾರೆಂದು ಇವರು ತಿಳಿದುಕೊಂಡಿದ್ದರು. ಅದು ಅವರ ತಪ್ಪಲ್ಲ. ಮಿದುಳಿನ ನಾಳದಿಂದ ಹೆಪ್ಪನ್ನು ಎಳೆದು ತೆಗೆಯಲು ತಂತಿ ಹೋಗುವುದು ಸಾಮಾನ್ಯವಾಗಿ ತೊಡೆಸಂದಿಯ ಅಪಧಮನಿಯಿಂದ. ಹೃದಯದೊಳಗಿನ ಒಂದು ಬಗೆಯ ಕೆಲಸಕ್ಕೆ ತಂತಿ ಹೋಗುವುದು ಅದೇ ತೊಡೆಸಂದಿಯ ಅಭಿಧಮನಿಯಿಂದ. ಹೊರಗೆ ನಿಂತವರಿಗೆ ಎರಡೂ ಒಂದೇ.

ಅವರು ತಂದ ಕಾಗದ ದೊಡ್ಡ ಆಸ್ಪತ್ರೆಯ ಬಿಡುಗಡೆ ಪತ್ರವಲ್ಲ. ಅದು ಕಳೆದುಹೋಗಿತ್ತು. ಇದ್ದದ್ದು ಊರು ಬಿಡುವ ಮುನ್ನ ಅಲ್ಲಿನ ಕುಟುಂಬ ವೈದ್ಯರು ಬರೆದುಕೊಟ್ಟ ಒಂದು ಪುಟದ ಸಾರಾಂಶ. ಜರ್ಮನ್ ವೈದ್ಯರ ಪತ್ರ, ಅಂದರೆ ಆರ್ಟ್ಸ್ಟ್‌ಬ್ರೀಫ್, ಟೆಲಿಗ್ರಾಂ ಕಳಿಸಿದ ಹಾಗಿರುತ್ತದೆ. ಕ್ರಿಯಾಪದವೇ ಇರುವುದಿಲ್ಲ. ನಾಮಪದಗಳು, ಚುಕ್ಕೆಗಳು, ಸಂಕ್ಷೇಪಗಳು. ‘ಓ. ಬಿ.’ ಎಂದರೆ ಓನೆ ಬೆಫುಂಟ್, ಪರೀಕ್ಷೆಯಲ್ಲಿ ಹೇಳುವಂಥದ್ದೇನೂ ಸಿಗಲಿಲ್ಲ ಎಂದು. ‘ಫೌ. ಆ.’ ಎಂದರೆ ಫೆರ್‌ಡಾಖ್ಟ್ ಔಫ್, ಇಂಥದ್ದರ ಶಂಕೆ. ಎಲ್ಲಕ್ಕಿಂತ ಹೆಚ್ಚು ಕಾಣುವುದು ‘ತ್ಸೆಟ್. ಎನ್.’, ಬಿಡಿಸಿದರೆ ತ್ಸುಷ್ಟಾಂಟ್ ನಾಖ್: ಇಂಥದ್ದು ಆಗಿಹೋದ ನಂತರದ ಸ್ಥಿತಿ. ಆಗಿಹೋದದ್ದು ರೋಗವೂ ಆಗಿರಬಹುದು, ಶಸ್ತ್ರಚಿಕಿತ್ಸೆಯೂ ಆಗಿರಬಹುದು. ಎರಡಕ್ಕೂ ಅದೇ ಎರಡು ಅಕ್ಷರ.

ಆ ಒಂದೂವರೆ ಸಾಲು ಇದು:

«ತ್ಸೆಟ್. ಎನ್. ಹಿರ್ನ್‌ಇನ್‌ಫಾರ್ಕ್ಟ್ ಬೈ ಮೇಡಿಯಾಫೆರ್‌ಶ್ಲುಸ್ ಲಿ. 2018. ಪಿಎಫ್‌ಓ, ತ್ಸೆಟ್. ಎನ್. ಫೆರ್‌ಶ್ಲುಸ್ 2018.»

ಹಿರ್ನ್‌ಇನ್‌ಫಾರ್ಕ್ಟ್ ಎಂದರೆ ಮಿದುಳಿನ ಪಾರ್ಶ್ವವಾಯು, ಮೇಡಿಯಾ ಎಂದರೆ ಮಿದುಳಿನ ಮಧ್ಯ ಅಪಧಮನಿ, ‘ಲಿ.’ ಎಂದರೆ ಎಡ. ಉಳಿದದ್ದಕ್ಕೆ ಈಗ ಬರುತ್ತೇನೆ.

ಪದ

ಫೆರ್‌ಶ್ಲುಸ್ ಎಂಬ ಪದ ನನಗೆ ಹೊಸದಲ್ಲ, ನಿಜ ಹೇಳಬೇಕೆಂದರೆ ಅತಿ ಪರಿಚಿತ. ಶ್ಲೀಸೆನ್ ಎಂದರೆ ಮುಚ್ಚು. ಅದೇ ಬೇರಿನಿಂದ ಶ್ಲ್ಯುಸೆಲ್ ಎಂಬ ಬೀಗದ ಕೈ, ಶ್ಲೋಸ್ ಎಂಬ ಬೀಗ ಬಂದಿವೆ. ಶ್ಲೋಸ್‌ಗೆ ಅರಮನೆ ಎಂಬ ಅರ್ಥವೂ ಇದೆ. ಫೆರ್‌ಶ್ಲುಸ್ ಎಂದರೆ ಮುಚ್ಚುವ ವಸ್ತು, ಮುಚ್ಚುವ ಕ್ರಿಯೆ, ಮುಚ್ಚಿರುವ ಸ್ಥಿತಿ, ಮೂರೂ ಆಗುತ್ತದೆ. ಬಾಟಲಿಯ ತಿರುಪು ಮುಚ್ಚಳ ಶ್ರೌಬ್‌ಫೆರ್‌ಶ್ಲುಸ್. ಪ್ಯಾಂಟಿನ ಜಿಪ್ ರೈಸ್‌ಫೆರ್‌ಶ್ಲುಸ್. ಕ್ಯಾಮೆರಾದ ಷಟರ್ ಫೆರ್‌ಶ್ಲುಸ್, ಷಟರ್ ವೇಗ ಫೆರ್‌ಶ್ಲುಸ್‌ತ್ಸೈಟ್. ಬಂದೂಕಿನಲ್ಲಿ ಗುಂಡಿನ ಹಿಂಭಾಗವನ್ನು ಭದ್ರವಾಗಿ ಹಿಡಿದು ಮುಚ್ಚುವ ಭಾಗವೂ ಫೆರ್‌ಶ್ಲುಸ್. ಸರ್ಕಾರಿ ಗುಪ್ತ ಕಡತ ಫೆರ್‌ಶ್ಲುಸ್‌ಜಾಖೆ, ಬೀಗದೊಳಗಿನ ವಿಷಯ. ಭಾಷಾಶಾಸ್ತ್ರಕ್ಕೆ ಬಂದರೆ ನಮ್ಮ ಕ, ತ, ಪ ಎಂಬ ಸ್ಪರ್ಶ ವ್ಯಂಜನಗಳು ಫೆರ್‌ಶ್ಲುಸ್‌ಲೌಟ್: ಬಾಯೊಳಗೆ ಗಾಳಿಯ ದಾರಿ ಮುಚ್ಚಿ ಹುಟ್ಟುವ ಧ್ವನಿಗಳು. ನಮ್ಮವರು ನಾಲಿಗೆಯೋ ತುಟಿಯೋ ಮುಟ್ಟುವುದನ್ನು ನೋಡಿ ‘ಸ್ಪರ್ಶ’ ಎಂದರು, ಜರ್ಮನ್ನರು ದಾರಿ ಮುಚ್ಚುವುದನ್ನು ನೋಡಿ ಹೆಸರಿಟ್ಟರು.

ವೈದ್ಯಕೀಯದಲ್ಲಿ ರಕ್ತನಾಳ ಮುಚ್ಚಿಹೋದರೆ ಗೆಫೇಸ್‌ಫೆರ್‌ಶ್ಲುಸ್. ಕರುಳು ಕಟ್ಟಿಕೊಂಡರೆ ಡಾರ್ಮ್‌ಫೆರ್‌ಶ್ಲುಸ್. ಪಿತ್ತನಾಳಕ್ಕೆ ಅಡ್ಡಿಯಾಗಿ ಬರುವ ಕಾಮಾಲೆ ಫೆರ್‌ಶ್ಲುಸ್‌ಇಕ್ಟೆರುಸ್. ಇವೆಲ್ಲ ರೋಗಗಳು. ಶಸ್ತ್ರಚಿಕಿತ್ಸೆಯ ನಂತರ ಗಾಯ ಹೊಲಿಯುವುದು ವುಂಡ್‌ಫೆರ್‌ಶ್ಲುಸ್. ಹೃದಯದ ಗೋಡೆಯ ರಂಧ್ರಕ್ಕೆ ಸಾಧನ ಕೂರಿಸುವುದೂ ಫೆರ್‌ಶ್ಲುಸ್. ಇವು ಚಿಕಿತ್ಸೆಗಳು. ಇಂಗ್ಲಿಷಿನವರು ಮೊದಲ ಗುಂಪಿಗೆ ‘ಅಕ್ಲೂಷನ್’ ಅಥವಾ ‘ಅಬ್‌ಸ್ಟ್ರಕ್ಷನ್’ ಅನ್ನುತ್ತಾರೆ, ಎರಡನೆಯದಕ್ಕೆ ಸಾಮಾನ್ಯವಾಗಿ ‘ಕ್ಲೋಷರ್’. ಜರ್ಮನ್ನರಿಗೆ ಒಂದೇ ಪದ ಸಾಕು, ಸುತ್ತಲ ಮಾತಿನಿಂದ ಅವರಿಗೆ ಗೊತ್ತಾಗುತ್ತದೆ.

ಇನ್ನು ಪಿಎಫ್‌ಓ, ಅಂದರೆ ಪೇಟೆಂಟ್ ಫೊರಾಮೆನ್ ಓವಾಲೆ, ಹೃದಯದಲ್ಲಿ ಮುಚ್ಚದೆ ಉಳಿದ ಒಂದು ಕಿಂಡಿ. ಗರ್ಭದಲ್ಲಿರುವ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಹಾಗಾಗಿ ರಕ್ತ ಬಲ ಹೃತ್ಕರ್ಣದಿಂದ ಎಡ ಹೃತ್ಕರ್ಣಕ್ಕೆ ನೇರ ದಾಟಲು ನಡುಗೋಡೆಯಲ್ಲಿ ಮೊಟ್ಟೆಯಾಕಾರದ ಒಂದು ಕಿಂಡಿ, ಅದಕ್ಕೊಂದು ತೆಳು ಪರದೆ. ಮಗು ಹುಟ್ಟಿ ಉಸಿರೆಳೆದಾಗ ಎಡಗಡೆಯ ಒತ್ತಡ ಏರಿ ಪರದೆ ಗೋಡೆಗೆ ಒತ್ತಿಕೊಳ್ಳುತ್ತದೆ, ಬರಬರುತ್ತ ಅಂಟಿಕೊಳ್ಳುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟುವುದೇ ಇಲ್ಲ. ಅವರಲ್ಲಿ ಬಹುಪಾಲು ಜನ ಅದರ ಸುಳಿವೇ ಇಲ್ಲದೆ ನೂರು ವರ್ಷ ಬಾಳಬಹುದು. ಕೆಲವೇ ಕೆಲವರಲ್ಲಿ ಕಾಲಿನ ಅಭಿಧಮನಿಯಲ್ಲಿ ಹುಟ್ಟಿದ ಹೆಪ್ಪು ಆ ಕಿಂಡಿಯಿಂದ ನುಸುಳಿ ಎಡಕ್ಕೆ ದಾಟಿ ಮಿದುಳಿಗೆ ಹೋಗಿ ಕೂರುತ್ತದೆ. ಬೇರೆ ಕಾರಣ ಸಿಗದ, ಅರವತ್ತರೊಳಗಿನವರ ಪಾರ್ಶ್ವವಾಯುವಿನಲ್ಲಿ ಈ ಕಿಂಡಿಯನ್ನು ಮುಚ್ಚಿದರೆ ಲಾಭವಿದೆಯೇ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. 2017ರ ಸೆಪ್ಟೆಂಬರಿನಲ್ಲಿ ಮೂರು ಅಧ್ಯಯನಗಳು ಒಟ್ಟಿಗೆ ಪ್ರಕಟವಾಗಿ, ತಕ್ಕ ರೋಗಿಗಳನ್ನು ಆರಿಸಿಕೊಂಡರೆ ಲಾಭವಿದೆ ಎಂದವು. ನಮ್ಮ ರೋಗಿಗೆ ಪಾರ್ಶ್ವವಾಯು ಹೊಡೆದದ್ದು ಅದರ ಮರುವರ್ಷ. ಇದನ್ನು ನಾನು ಓದಿದ್ದು ತಪ್ಪು ಮಾಡಿದ ಮೇಲೆ.

ನಾನು ಮಾಡಿದ್ದು

ಯಂತ್ರದ ಕೈಪಿಡಿ ಅನುವಾದಿಸುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಮೂಲದ ಒಂದು ಪದಕ್ಕೆ ಅನುವಾದದಲ್ಲೂ ಒಂದೇ ಪದ. ಮೂರನೇ ಪುಟದಲ್ಲಿ ‘ಮುಚ್ಚಳ’ ಎಂದದ್ದನ್ನು ಮೂವತ್ತನೇ ಪುಟದಲ್ಲಿ ‘ಬಿರಡೆ’ ಎಂದರೆ, ಯಂತ್ರದ ಮುಂದೆ ನಿಂತವನು ಇಲ್ಲದ ಬಿರಡೆಯನ್ನು ಹುಡುಕುತ್ತಾನೆ. ನಾವು ಬಳಸುವ ತಂತ್ರಾಂಶವೂ ಇದೇ ತತ್ವದ ಮೇಲೆ ನಿಂತಿದೆ. ಅದು ಪಠ್ಯವನ್ನು ವಾಕ್ಯ ವಾಕ್ಯವಾಗಿ ಕತ್ತರಿಸಿ ಪೆಟ್ಟಿಗೆಗಳಲ್ಲಿ ಇಡುತ್ತದೆ, ಹಿಂದೆ ಮಾಡಿದ ಅನುವಾದಗಳನ್ನು ನೆನಪಿಟ್ಟುಕೊಂಡು ಹೋಲಿಕೆ ಕಂಡಲ್ಲಿ ಮುಂದಿಡುತ್ತದೆ.

ವಾಕ್ಯ ಮುಗಿಯಿತೆಂದು ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಚುಕ್ಕೆ, ಆಮೇಲೆ ಖಾಲಿ ಜಾಗ, ಆಮೇಲೆ ದೊಡ್ಡಕ್ಷರ ಕಂಡರೆ ಹೊಸ ವಾಕ್ಯ. ಇಂಗ್ಲಿಷಿನಲ್ಲಿ ಇದು ಬಹುಮಟ್ಟಿಗೆ ನಡೆಯುತ್ತದೆ. ಜರ್ಮನ್‌ನಲ್ಲಿ ಎಲ್ಲ ನಾಮಪದಗಳೂ ದೊಡ್ಡಕ್ಷರದಿಂದಲೇ ಶುರುವಾಗುತ್ತವೆ. ‘ಎನ್.’ ಎಂಬ ಸಂಕ್ಷೇಪದ ಚುಕ್ಕೆ, ಖಾಲಿ ಜಾಗ, ನಂತರ ಫೆರ್‌ಶ್ಲುಸ್‌ನ ದೊಡ್ಡಕ್ಷರ. ತಂತ್ರಾಂಶ ಅಲ್ಲಿಗೆ ಕತ್ತರಿ ಹಾಕಿತು. ಒಂದು ಪೆಟ್ಟಿಗೆಯಲ್ಲಿ «ಪಿಎಫ್‌ಓ, ತ್ಸೆಟ್. ಎನ್.» ಉಳಿಯಿತು. ಮುಂದಿನ ಪೆಟ್ಟಿಗೆಯಲ್ಲಿ, ಅನಾಥವಾಗಿ, «ಫೆರ್‌ಶ್ಲುಸ್ 2018.»

ಈಗ ನೆನೆದರೆ ಕೈ ಕಚ್ಚಿಕೊಳ್ಳುವಂತಾಗುತ್ತದೆ. ಆ ಅನಾಥ ಪೆಟ್ಟಿಗೆಗೆ ತಂತ್ರಾಂಶ ಸೂಚಿಸಿದ ಪದ ‘ಕ್ಲೋಷರ್’. ಬಾಟಲಿ ಮುಚ್ಚಳಕ್ಕೆ ಪಾನೀಯ ಉದ್ಯಮದವರು ಇಂಗ್ಲಿಷಿನಲ್ಲಿ ಕ್ಲೋಷರ್ ಎನ್ನುತ್ತಾರೆ, ನನ್ನ ಹನ್ನೆರಡು ವರ್ಷದ ನೆನಪಿನ ಕಣಜದಲ್ಲಿ ಅದೇ ತುಂಬಿತ್ತು. ‘ನೋಡು, ಮನುಷ್ಯನ ಮೈಗೂ ಬಾಟಲಿ ಮುಚ್ಚಳ ಹಾಕುತ್ತದೆ’ ಎಂದು ಒಬ್ಬಳೇ ನಕ್ಕು ಅದನ್ನು ಅಳಿಸಿದೆ. ಮೇಲಿನ ಪೆಟ್ಟಿಗೆಯಲ್ಲಿ ಮೇಡಿಯಾಫೆರ್‌ಶ್ಲುಸ್ ಎಂಬುದಕ್ಕೆ ಮಿದುಳಿನ ಮಧ್ಯ ಅಪಧಮನಿಯ ಅಕ್ಲೂಷನ್ ಎಂದು ಸರಿಯಾಗಿಯೇ ಬರೆದಿದ್ದೆ. ಒಂದು ಪದಕ್ಕೆ ಒಂದೇ ಪದ. ಕೆಳಗೂ ಅಕ್ಲೂಷನ್ ಎಂದು ಬರೆದೆ.

ನಿಘಂಟು ನೋಡಲಿಲ್ಲವೇ ಎಂದು ಕೇಳಬಹುದು. ನೋಡಿದೆ, ಎರಡೂ ಅರ್ಥಗಳು ಒಂದರ ಕೆಳಗೊಂದು ಇದ್ದವು. ಕನ್ನಡಕ್ಕೆ 1894ರಲ್ಲಿ ನಿಘಂಟು ಮಾಡಿಕೊಟ್ಟ ಕಿಟೆಲ್ ಜರ್ಮನ್ನರೇ, ಅವರು ಅರ್ಥದ ಜೊತೆ ಆ ಪದ ಯಾವ ಕಾವ್ಯದಲ್ಲಿ, ಯಾವ ಗಾದೆಯಲ್ಲಿ ಬಂದಿದೆಯೆಂದೂ ತೋರಿಸುತ್ತ ಹೋದರು. ನನ್ನ ಮುಂದಿದ್ದ ಜರ್ಮನ್-ಇಂಗ್ಲಿಷ್ ನಿಘಂಟಿನಲ್ಲಿ ಬರೀ ಪಟ್ಟಿ.

ಅಕ್ಕನವರಿಗಾಗಿ ಕನ್ನಡದಲ್ಲೂ ಒಂದು ಸಾರಾಂಶ ಬರೆದುಕೊಟ್ಟೆ. ಅದರಲ್ಲಿ: «2018ರಲ್ಲಿ ಮಿದುಳಿನ ಎಡಗಡೆಯ ರಕ್ತನಾಳ ಮುಚ್ಚಿಕೊಂಡು ಪಾರ್ಶ್ವವಾಯು ಆಗಿದೆ. ಹೃದಯದ ಗೋಡೆಯಲ್ಲಿ ಸಣ್ಣ ಕಿಂಡಿ ಇದೆ. 2018ರಲ್ಲಿ ಮತ್ತೆ ರಕ್ತನಾಳ ಮುಚ್ಚಿಕೊಂಡಿದೆ.»

ಆ ‘ಮತ್ತೆ’ ನನ್ನದು. ಮೂಲದಲ್ಲಿ ಅಂಥ ಪದವೇ ಇಲ್ಲ. ‘ರಕ್ತನಾಳ’ವೂ ಎರಡನೇ ಸಲ ಅಲ್ಲಿಲ್ಲ. ಇಂಗ್ಲಿಷಿನಲ್ಲಿ ತಪ್ಪು ಒಂದು ಪದದ್ದಾಗಿತ್ತು. ಕನ್ನಡಕ್ಕೆ ಬರುವಾಗ ವಾಕ್ಯಕ್ಕೆ ಕರ್ತೃ ಬೇಕಾಯಿತು, ಒಂದು ಕಥೆ ಬೇಕಾಯಿತು, ನಾನು ಕಟ್ಟಿದೆ.

ತಪ್ಪು ಬೆಳೆದ ಬಗೆ

ಅಕ್ಕನವರು ಮೊದಲು ಹೋದದ್ದು ಬಡಾವಣೆಯ ಪರಿಚಿತ ವೈದ್ಯರ ಬಳಿ. ತಮ್ಮನಿಗೆ ಕೆಲವು ದಿನಗಳಿಂದ ತಲೆಸುತ್ತು ಇತ್ತು. ವೈದ್ಯರು ನನ್ನ ಅನುವಾದ ಓದಿ, ಒಂದೇ ವರ್ಷದಲ್ಲಿ ಎರಡು ಸಲ ಆಗಿದೆ, ಕಿಂಡಿ ಇನ್ನೂ ತೆರೆದೇ ಇದೆ, ಈಗ ತಲೆಸುತ್ತು ಬೇರೆ ಎಂದು ಕೂಡಿಸಿ ನೋಡಿದರು. ಆ ಕಾಗದ ಹಿಡಿದು ಯಾರೇ ಕೂಡಿಸಿದರೂ ಮೊತ್ತ ಅಷ್ಟೇ ಬರುತ್ತಿತ್ತು. ಮಿದುಳಿನ ಎಂಆರ್‌ಐ ಮಾಡಿಸಿ, ಕಿಂಡಿ ಮುಚ್ಚಿಸುವ ಬಗ್ಗೆ ಹೃದ್ರೋಗ ತಜ್ಞರನ್ನು ಕಾಣಿ ಎಂದು ಬರೆದುಕೊಟ್ಟರು.

ಖರ್ಚು ಲಕ್ಷಗಳ ಲೆಕ್ಕದಲ್ಲಿ ಬರಬಹುದೆಂದು ಯಾರೋ ಹೇಳಿದರು. ಅಕ್ಕನವರು ಮಾರನೇ ದಿನವೇ ಬ್ಯಾಂಕಿಗೆ ಹೋಗಿ ಅವಧಿಗೆ ಮುಂಚೆಯೇ ಎಫ್.ಡಿ. ಮುರಿಸಿದರು. ಎಂಆರ್‌ಐ ಕೇಂದ್ರದಲ್ಲಿ ಎಲ್ಲರಿಗೂ ಕೊಡುವ ಒಂದು ಪ್ರಶ್ನಾವಳಿ ಇರುತ್ತದೆ: ಮೈಯೊಳಗೆ ಲೋಹದ ಸಾಧನ, ಕ್ಲಿಪ್, ಪೇಸ್‌ಮೇಕರ್ ಇದೆಯೇ? ನನ್ನ ಸಾರಾಂಶವನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲದಕ್ಕೂ ‘ಇಲ್ಲ’ ಎಂದು ಗುರುತು ಹಾಕಿದರು. ಕಾಯುವ ಸರದಿ ಉದ್ದವಿತ್ತು, ಹತ್ತು ದಿನ ಬಿಟ್ಟು ಬೆಳಿಗ್ಗೆ ಎಂಟಕ್ಕೆ ಸಮಯ ಸಿಕ್ಕಿತು. ಆ ಉದ್ದದ ಸರದಿಯನ್ನು ಇವತ್ತಿಗೂ ನೆನೆಯುತ್ತೇನೆ.

ಈ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ನಡೆಯುತ್ತಿತ್ತು. ಅಕ್ಕ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ ತಮ್ಮ ‘ಮುಚ್ಚಳ, ಮುಚ್ಚಳ’ ಎನ್ನುತ್ತಿದ್ದರು. «ನೀರಿನ ಬಾಟ್ಲು ಕೇಳ್ತಾನೆ ಅಂತ ಕೊಟ್ರೆ ಎಸೆದುಬಿಡ್ತಾನೆ ಮೇಡಂ. ಡಬ್ಬಿ ಮುಚ್ಚಳ ತಂದುಕೊಟ್ಟೆ, ಅಳೋಕೆ ಶುರು ಮಾಡಿದ.» ಇದನ್ನು ಅವರು ನನಗೆ ಫೋನಿನಲ್ಲಿ ಬೇರೇನೋ ಹೇಳುವಾಗ ಹೇಳಿದ್ದರು. ಪಾಪ ಎಂದುಕೊಂಡೆ, ಅಷ್ಟೆ.

ತಿರುವು

ಹೃದ್ರೋಗ ತಜ್ಞೆಯನ್ನು ಕಂಡದ್ದು ಎಂಆರ್‌ಐ ಹಿಂದಿನ ದಿನ ಮಧ್ಯಾಹ್ನ. ಅವರಿಗೆ ಜರ್ಮನ್ ಬರುವುದಿಲ್ಲ. ಆದರೂ ಕಾಗದ ಓದಿ ಐದು ನಿಮಿಷದಲ್ಲಿ ನನಗೆ ಫೋನ್ ಮಾಡಿದರು. ಕೇಳಿದ್ದು ಒಂದೇ ಪ್ರಶ್ನೆ: «ಮೇಡಂ, ಎರಡನೇ ಸಲ ಮುಚ್ಚಿಕೊಂಡದ್ದು ಯಾವ ನಾಳ?»

ಮೊದಲ ಅಕ್ಲೂಷನ್‌ಗೆ ನಾಳದ ಹೆಸರಿದೆ, ಎಡ-ಬಲ ಇದೆ. ಎರಡನೆಯದಕ್ಕೆ ಎರಡೂ ಇಲ್ಲ. ಯಾವ ವೈದ್ಯನೂ ನಾಳದ ಹೆಸರು ಹೇಳದೆ ‘ಮುಚ್ಚಿಕೊಂಡಿತ್ತು’ ಎಂದು ಬರೆದು ಕೈಬಿಡುವುದಿಲ್ಲ ಎಂಬುದು ಅವರ ತರ್ಕ. ಪದಕೋಶ ನನ್ನ ಬಳಿ ಇತ್ತು, ಆ ಪದ ಬಳಸುವವರ ರೂಢಿ ಅವರ ಬಳಿ ಇತ್ತು. ‘ನೋಡಿ ಹೇಳುತ್ತೇನೆ’ ಎಂದು ಫೋನ್ ಇಟ್ಟೆ.

ತಂತ್ರಾಂಶ ತೆರೆಯಲಿಲ್ಲ. ಮೂಲ ಕಾಗದದ ಚಿತ್ರವನ್ನೇ ದೊಡ್ಡದು ಮಾಡಿ ನೋಡಿದೆ. ಪೆಟ್ಟಿಗೆಯ ಗೋಡೆಗಳು ಇಲ್ಲದಾಗ ಸಾಲು ತಾನಾಗಿ ಓದಿಸಿಕೊಂಡಿತು: ಪಿಎಫ್‌ಓ, ಅಲ್ಪವಿರಾಮ, ಫೆರ್‌ಶ್ಲುಸ್ ಆದ ನಂತರದ ಸ್ಥಿತಿ. ದೊಡ್ಡ ಆಸ್ಪತ್ರೆಯವರಾಗಿದ್ದರೆ ಪಿಎಫ್‌ಓ-ಫೆರ್‌ಶ್ಲುಸ್ ಎಂದು ಅಡ್ಡಗೆರೆ ಹಾಕಿ ಒಂದೇ ಪದವಾಗಿ ಬರೆಯುತ್ತಿದ್ದರು, ಆಗ ಇಷ್ಟೆಲ್ಲ ಆಗುತ್ತಿರಲಿಲ್ಲ. ಈ ವೈದ್ಯರು ಅಲ್ಪವಿರಾಮ ಹಾಕಿ ಒಡೆದಿದ್ದರು.

ಆದರೂ ನಂಬಿಕೆ ಬರಲಿಲ್ಲ. ಒಮ್ಮೆ ಎಡವಿದವಳಿಗೆ ಸಮ ನೆಲವೂ ಹಳ್ಳ. ಆಗ ಕಣ್ಣಿಗೆ ಬಿದ್ದದ್ದು ಸಾಲಿನ ಕೊನೆಯ ಸಂಕೇತಗಳು (ಮೇಲೆ ಸಾಲನ್ನು ಕೊಡುವಾಗ ಅವನ್ನು ಬಿಟ್ಟಿದ್ದೇನೆ). ಜರ್ಮನಿಯಲ್ಲಿ ಹೊರರೋಗಿಗಳ ಪ್ರತಿ ರೋಗನಿರ್ಣಯಕ್ಕೂ ಐಸಿಡಿ-10 ಎಂಬ ಅಂತರರಾಷ್ಟ್ರೀಯ ರೋಗಪಟ್ಟಿಯ ಸಂಕೇತ ಹಾಕಿ, ಬಾಲಕ್ಕೆ ಒಂದು ಅಕ್ಷರ ಸೇರಿಸುತ್ತಾರೆ: ‘ಗೆ’ ಎಂದರೆ ಖಚಿತ, ‘ಫೌ’ ಎಂದರೆ ಶಂಕೆ, ‘ಆ’ ಎಂದರೆ ಇಲ್ಲವೆಂದು ತಳ್ಳಿಹಾಕಲಾಗಿದೆ, ‘ತ್ಸೆಟ್’ ಎಂದರೆ ಆಗಿಹೋದದ್ದು. ಸಂಕೇತಗಳು ಪದಗಳಲ್ಲವಲ್ಲ, ನಾನು ಅವನ್ನು ಹಾಗೇ ನಕಲು ಮಾಡಿ ಮುಂದೆ ಹೋಗಿದ್ದೆ. ಈಗ ಓದಿದೆ. ಹೃತ್ಕರ್ಣಗಳ ನಡುಗೋಡೆಯ ದೋಷಕ್ಕೆ, ಈ ಕಿಂಡಿಗೂ ಸೇರಿ, ಇರುವ ಸಂಕೇತ ಕ್ಯೂ21.1. ಅದರ ಬಾಲದಲ್ಲಿ ತ್ಸೆಟ್ ಇತ್ತು. ಕಿಂಡಿ ತೆರೆದೇ ಇದ್ದರೆ ಅಲ್ಲಿ ಖಚಿತ ಎಂಬ ಅಕ್ಷರ ಇರಬೇಕಿತ್ತು. ಮಿದುಳಿನ ಪಾರ್ಶ್ವವಾಯುವಿನ ಐ63.4 ಇಡೀ ಪುಟದಲ್ಲಿ ಒಂದೇ ಸಲ ಬಂದಿತ್ತು. ಎರಡು ಸಲ ಆಗಿತ್ತು ಎಂಬ ನನ್ನ ಕಥೆಗೆ ಎಲ್ಲೂ ಆಧಾರವಿರಲಿಲ್ಲ.

ಆಗ ಸಂಜೆ ಆರು ದಾಟಿತ್ತು. ತಜ್ಞೆಗೆ ಹೇಳುವುದು ಸರಿ. ಆದರೆ ಎಂಆರ್‌ಐ ಮಾರನೇ ಬೆಳಿಗ್ಗೆ ಎಂಟಕ್ಕೆ. ನನಗೆ ಖಾತ್ರಿಯಿಲ್ಲದ ಸಂಗತಿಯನ್ನು ನೇರವಾಗಿ ಕುಟುಂಬಕ್ಕೆ ಹೇಳಿ ಗಾಬರಿ ಮಾಡಬೇಕೇ, ಅಥವಾ ಎಕೋ ಪರೀಕ್ಷೆಯಲ್ಲಿ ಗೊತ್ತಾಗುವವರೆಗೆ ಸುಮ್ಮನಿರಬೇಕೇ? ಅನುವಾದಕಿಯ ಮಾನದ ಪ್ರಶ್ನೆಯೂ ಒಳಗೊಳಗೇ ಇತ್ತು, ಇಲ್ಲವೆಂದು ಹೇಳಲಾರೆ. ಇಂಥ ಸಾಧನಗಳು ಸಾಮಾನ್ಯವಾಗಿ ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ಲೋಹದವು, ಅವುಗಳಿಗೆ ಕೆಲವು ಷರತ್ತುಗಳೊಂದಿಗೆ ಎಂಆರ್‌ಐ ಮಾಡಬಹುದು ಎಂದು ಓದಿದೆ. ಓದಿ ಸಮಾಧಾನಪಟ್ಟುಕೊಂಡು ಸುಮ್ಮನಿದ್ದುಬಿಡುವ ಆಸೆಯೂ ಆಯಿತು. ಆದರೆ ಯಾವ ಸಾಧನ, ಯಾವ ಷರತ್ತು ಎಂದು ನೋಡಿ ತೀರ್ಮಾನಿಸಬೇಕಾದವರು ಎಂಆರ್‌ಐ ಕೇಂದ್ರದವರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ‘ಇಲ್ಲ’ ಎಂದಿತ್ತು, ಆ ‘ಇಲ್ಲ’ ನನ್ನಿಂದ ಬಂದದ್ದು.

ಅಕ್ಕನವರಿಗೆ ಫೋನ್ ಮಾಡಿದೆ. ‘ನನ್ನ ಅನುವಾದದಲ್ಲಿ ತಪ್ಪಿರುವ ಹಾಗಿದೆ. ತಮ್ಮನವರ ಹೃದಯದಲ್ಲಿ ಸಾಧನ ಇರಬಹುದು. ಖಚಿತವಾಗುವವರೆಗೆ ನಾಳೆಯ ಎಂಆರ್‌ಐ ಬೇಡ, ಕೇಂದ್ರಕ್ಕೆ ನೀವೂ ಹೇಳಿ, ನಾನೂ ಬರೆದು ಕಳಿಸುತ್ತೇನೆ’ ಎಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಕೇಳಿದರು: «ಹಾಗಾದ್ರೆ ಎರಡನೇ ಸಲ ಆಗೇ ಇಲ್ವಾ ಮೇಡಂ?»

ಎಂಆರ್‌ಐ ಕೇಂದ್ರದವರು ಒಂದೇ ಮಾತಿನಲ್ಲಿ ಮುಂದಕ್ಕೆ ಹಾಕಿದರು. ಸಾಧನದ ಹೆಸರು, ತಯಾರಕರ ವಿವರ ತನ್ನಿ, ಆಮೇಲೆ ನೋಡೋಣ ಎಂದರು.

ನಂತರ ಆದದ್ದು

ಎರಡು ದಿನ ಬಿಟ್ಟು ಎಕೋ ಆಯಿತು. ಹೃತ್ಕರ್ಣಗಳ ನಡುಗೋಡೆಯ ಎರಡೂ ಬದಿಗೆ ಬೆಳ್ಳಗೆ ಹೊಳೆಯುವ ಎರಡು ತಟ್ಟೆಗಳು, ನಡುವೆ ಸೊಂಟ. ಅಂಗಿಯ ಗುಂಡಿಗಳೆರಡನ್ನು ಬೆನ್ನಿಗೆ ಬೆನ್ನು ಹೊಲಿದ ಹಾಗೆ. ತೋಳಿನ ನಾಳಕ್ಕೆ ಸಣ್ಣ ಗುಳ್ಳೆಗಳಿರುವ ಲವಣದ್ರಾವಣ ಕೊಟ್ಟು ಎಡಕ್ಕೆ ಏನಾದರೂ ಸೋರುತ್ತದೆಯೇ ಎಂದೂ ನೋಡಿದರು. ಸೋರಲಿಲ್ಲ. ಮುಚ್ಚಿಸುವುದೇನೂ ಉಳಿದಿರಲಿಲ್ಲ, ರಕ್ತ ತೆಳುವಾಗಿಸುವ ಹೆಚ್ಚಿನ ಮಾತ್ರೆಯೂ ಬೇಕಾಗಲಿಲ್ಲ. ಮೊದಲಿನ ಆಸ್ಪಿರಿನ್ ಮುಂದುವರಿಯಿತು.

ಸಾಧನದ ಚೀಟಿ ಸಿಕ್ಕಿದ್ದು ತಮ್ಮನ ಹಳೆಯ ಪರ್ಸಿನಲ್ಲಿ, ಜರ್ಮನ್ ಆರೋಗ್ಯ ವಿಮೆ ಕಾರ್ಡಿನ ಹಿಂದೆ. ಚಿಕಿತ್ಸೆಯಾದ ಮೇಲೆ ಆಸ್ಪತ್ರೆಯವರು ಕೊಟ್ಟಿದ್ದ ಇಂಪ್ಲಾಂಟ್ ಕಾರ್ಡ್ ಅದು. ತಯಾರಕರ ಹೆಸರು, ಗಾತ್ರ, ಕ್ರಮಸಂಖ್ಯೆ, ಎಂಆರ್‌ಐ ಷರತ್ತು, ಎಲ್ಲವೂ ಅದರಲ್ಲಿತ್ತು. ಮೈಸೂರಿಗೆ ಬಂದ ದಿನದಿಂದ ಆ ಪರ್ಸ್ ಬೀರುವಿನಲ್ಲೇ ಇತ್ತು. ಪಕ್ಕದ ಕೋಣೆಯಲ್ಲಿದ್ದ ಉತ್ತರಕ್ಕಾಗಿ ನಾನು ಏಳು ಸಾವಿರ ಕಿಲೋಮೀಟರ್ ಆಚೆಗೆ ಪತ್ರ ಬರೆದಿದ್ದೆ.

ಆ ಪತ್ರದ ಕಥೆಯೂ ಹೇಳಿಬಿಡಬೇಕು. ಎಕೋಗೆ ಮೊದಲೇ ಅಲ್ಲಿನ ಕುಟುಂಬ ವೈದ್ಯರಿಗೆ ಇಮೇಲ್ ಮಾಡಿದ್ದೆ. ವಿನಯದ ಒಂದು ಸಾಲಿನ ಉತ್ತರ ಬಂತು: ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಏನೂ ಹೇಳಲಾಗದು. ವೈದ್ಯರ ಗೌಪ್ಯತೆಯ ಹೊಣೆ, ಶ್ವೈಗೆಫ್ಲಿಷ್ಟ್, ಅಲ್ಲಿ ದಂಡಸಂಹಿತೆಯ 203ನೇ ಕಲಮಿನಲ್ಲೇ ಇದೆ. ಮುರಿದರೆ ಅಪರಾಧ. ಒಪ್ಪಿಗೆಯ ನಮೂನೆಗೆ ರೋಗಿ ಎಡಗೈಯಿಂದ ಸಹಿ ಮಾಡಿದರು. ಕಳಿಸಿ ಮೂರು ವಾರದ ನಂತರ ‘ಹೌದು, 2018ರಲ್ಲಿ ಸಾಧನದಿಂದ ಮುಚ್ಚಲಾಗಿದೆ’ ಎಂಬ ಉತ್ತರ ಬಂತು. ಅಷ್ಟರಲ್ಲಿ ಎಂಆರ್‌ಐ ಕೂಡ ಮುಗಿದಿತ್ತು. ಹೊಸ ಪೆಟ್ಟೇನೂ ಇರಲಿಲ್ಲ. ತಲೆಸುತ್ತಿಗೆ ಕಾರಣ ಬೇರೆಯೇ, ಅದು ಈ ಬರಹಕ್ಕೆ ಸಂಬಂಧಿಸಿದ್ದಲ್ಲ.

‘ಮುಚ್ಚಳ’ ಎಂದರೆ ಏನೆಂದು ನಮಗೆಲ್ಲ ಹೊಳೆದದ್ದು ಎಕೋ ಪರದೆಯಲ್ಲಿ ಆ ಎರಡು ತಟ್ಟೆಗಳನ್ನು ಕಂಡ ಮೇಲೆ. ಮೊದಲೇ ಹೊಳೆದಿದ್ದರೆ ಕಥೆ ಚೆಂದವಾಗುತ್ತಿತ್ತು. ಹೊಳೆಯಲಿಲ್ಲ. ವಿಷಯ ಪೂರ್ತಿ ಗೊತ್ತಿದ್ದವರು ಅವರೊಬ್ಬರೇ, ಹತ್ತು ದಿನ ಹೇಳುತ್ತಲೇ ಇದ್ದರು, ನಾವು ಬಾಟಲಿ ಕೊಟ್ಟೆವು. ಮಾತು ಕಷ್ಟವಾದವರನ್ನು ‘ಹೌದು-ಅಲ್ಲ’ ಪ್ರಶ್ನೆ ಕೇಳಿ, ಚಿತ್ರ ತೋರಿಸಿ ಮಾತಾಡಿಸಬಹುದೆಂದು ತಜ್ಞೆ ಆಮೇಲೆ ಹೇಳಿದರು. ಅನುವಾದ ಶುರು ಮಾಡುವ ಮುನ್ನ ರೋಗಿಯನ್ನೇ ಒಮ್ಮೆ ಕಾಣಬೇಕೆಂದು ನನಗೆ ಅನ್ನಿಸಿರಲೇ ಇಲ್ಲ. ಕಾಗದ ಬಂದರೆ ಕಾಗದದ ಜೊತೆ ಮಾತು, ಇದು ನಮ್ಮ ವೃತ್ತಿಯ ಹಳೇ ಚಾಳಿ.

ಎಫ್.ಡಿ.ಯ ಬಡ್ಡಿ ಹೋದದ್ದು ಹೋಯಿತು. ಅನುವಾದದ ಹಣ ಹಿಂದಿರುಗಿಸಲು ಹೋದೆ. «ಆ ಸಂಜೆ ಫೋನ್ ಮಾಡಿದ್ರಲ್ಲ, ಅದಕ್ಕೆ ಇಟ್ಕೊಳ್ಳಿ» ಎಂದರು. ಇಟ್ಟುಕೊಳ್ಳಲಿಲ್ಲ.

ಈಗ ಏನು ಬದಲಿಸಿದ್ದೇನೆ

ತಂತ್ರಾಂಶಕ್ಕೆ ವೈದ್ಯರ ಸಂಕ್ಷೇಪಗಳ ಪಟ್ಟಿ ಕೊಟ್ಟು, ಇವುಗಳ ಚುಕ್ಕೆಯ ನಂತರ ಕತ್ತರಿಸಬೇಡ ಎಂದು ಹೇಳಿಟ್ಟಿದ್ದೇನೆ. ಅರ್ಧ ಗಂಟೆಯ ಕೆಲಸ, ಹನ್ನೆರಡು ವರ್ಷ ಮಾಡಿರಲಿಲ್ಲ. ಬಾಟಲಿಯ ನೆನಪಿನ ಕಣಜವನ್ನೂ ಮನುಷ್ಯರ ಕಣಜವನ್ನೂ ಬೇರೆ ಮಾಡಿದ್ದೇನೆ. ಈ ಸಲ ಬಾಟಲಿಯ ಕಣಜವೇ ಸರಿಯಾಗಿತ್ತು ಎಂಬ ಚುಚ್ಚು ಇದ್ದೇ ಇದೆ. ಖಾತ್ರಿಯಿಲ್ಲದ ಕಡೆ ಅನುವಾದದೊಳಗೇ ‘ಎರಡು ಅರ್ಥ ಸಾಧ್ಯ, ಪರೀಕ್ಷಿಸಿ’ ಎಂದು ಬರೆಯುತ್ತೇನೆ. ನೋಡಲು ಅಚ್ಚುಕಟ್ಟಾಗಿರುವುದಿಲ್ಲ, ಇರಲಿ.

ಪದದ ಮಟ್ಟದಲ್ಲಿ ಒಂದು ಸೂತ್ರ ಹುಡುಕಿದೆ. ಇರಬೇಕಾದ ದಾರಿ ಮುಚ್ಚಿದ್ದರೆ, ಅಂದರೆ ರಕ್ತನಾಳ, ಕರುಳು, ಪಿತ್ತನಾಳ, ಅದು ರೋಗ. ಇರಬಾರದ ದಾರಿ ಮುಚ್ಚಿದ್ದರೆ, ಅಂದರೆ ರಂಧ್ರ, ಗಾಯ, ಅದು ಚಿಕಿತ್ಸೆ. ಸೂತ್ರ ಒಂದು ವಾರ ಬಾಳಿತು. ಹೃತ್ಕರ್ಣದ ಕಿವಿಯಂಥ ಚೀಲ ಹುಟ್ಟಿನಿಂದಲೇ ಎಲ್ಲರಿಗೂ ಇರುವುದು, ಅದನ್ನೂ ಹೆಪ್ಪುಗಟ್ಟದಿರಲೆಂದು ಸಾಧನ ಹಾಕಿ ಮುಚ್ಚುತ್ತಾರೆ, ಅದೂ ಫೆರ್‌ಶ್ಲುಸ್. ಕಣ್ಣಿನ ಅಕ್ಷಿಪಟದ ಅಭಿಧಮನಿಯ ಫೆರ್‌ಶ್ಲುಸ್ ರೋಗ, ಕಾಲಿನ ಉಬ್ಬಿದ ಅಭಿಧಮನಿಯನ್ನು ಶಾಖ ಕೊಟ್ಟು ಮುಚ್ಚಿದರೆ ಚಿಕಿತ್ಸೆ. ಗರ್ಭದ ಕಾಲದ ಇನ್ನೊಂದು ನಾಳ, ಬೊಟಾಲೋ ನಾಳ, ಹುಟ್ಟಿದ ಕೆಲವು ದಿನಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ರೋಗವೂ ಅಲ್ಲ, ಚಿಕಿತ್ಸೆಯೂ ಅಲ್ಲ, ಫೆರ್‌ಶ್ಲುಸ್ ಮಾತ್ರ ಹೌದು.

ಕೊನೆಗೆ ಉಳಿದದ್ದು ಕನ್ನಡದ ಕ್ರಿಯಾಪದ. ಜರ್ಮನ್ ನಾಮಪದ ಯಾರು ಮುಚ್ಚಿದರೆಂದು ಹೇಳದೆ ತಪ್ಪಿಸಿಕೊಳ್ಳಬಹುದು, ಕನ್ನಡದಲ್ಲಿ ವಾಕ್ಯ ಮುಗಿಸಬೇಕಾದರೆ ಒಂದು ಕಡೆ ನಿಲ್ಲಲೇಬೇಕು: ಮುಚ್ಚಿಕೊಂಡಿತೋ, ಮುಚ್ಚಿದರೋ? ‘ಕೊಳ್ಳು’ ಬಂದರೆ ತಾನಾಗಿ ಆದದ್ದು, ಬಾರದಿದ್ದರೆ ಮಾಡಿದವರಿದ್ದಾರೆ. ಈಗ ಯಾವುದೇ ವೈದ್ಯಕೀಯ ಪತ್ರ ಬಂದರೂ, ಇಂಗ್ಲಿಷಿಗೆ ಮಾಡುವುದಿದ್ದರೂ, ಮೊದಲು ಪ್ರತಿ ಸಾಲನ್ನೂ ಕನ್ನಡದ ಪೂರ್ಣ ವಾಕ್ಯ ಮಾಡಿಕೊಳ್ಳುತ್ತೇನೆ. ಕ್ರಿಯಾಪದ ಹಾಕಲು ಆಧಾರ ಸಿಗದಿದ್ದರೆ ಅಲ್ಲೇ ನಿಲ್ಲುತ್ತೇನೆ. ಈ ಉಪಾಯ ನನಗೆ ಬಹಳ ಹಿಡಿಸಿತ್ತು, ನಾಲ್ಕು ಜನಕ್ಕೆ ಹೇಳಿಕೊಂಡೂ ತಿರುಗಿದೆ.

ಎರಡು ತಿಂಗಳ ನಂತರ ಇನ್ನೊಂದು ಪತ್ರ ಬಂತು. ಜರ್ಮನಿಯಿಂದ ಮರಳಿದ ಮಹಿಳೆಯೊಬ್ಬರದು. ಅದರಲ್ಲಿ ‘ತ್ಸೆಟ್. ಎನ್. ಟೂಬೆನ್‌ಫೆರ್‌ಶ್ಲುಸ್’, ಎರಡೂ ಬದಿ. ಗರ್ಭನಾಳಗಳು ಸೋಂಕಿನಿಂದ ಮುಚ್ಚಿಹೋಗಿರಬಹುದು, ಮಕ್ಕಳು ಸಾಕೆಂದು ಮುಚ್ಚಿಸಿರಬಹುದು. ಪೆಟ್ಟಿಗೆಯನ್ನು ಖಾಲಿ ಬಿಟ್ಟು ಅವರಿಗೇ ಫೋನ್ ಮಾಡಿ, ಮುಜುಗರದಿಂದಲೇ ಕೇಳಿದೆ: ಅದು ಮುಚ್ಚಿಕೊಂಡದ್ದೋ, ಮುಚ್ಚಿದ್ದೋ?

ಅವರು ನಕ್ಕರು. «ಅಯ್ಯೋ, ನಾನೇ ಮುಚ್ಚಿಸಿಕೊಂಡಿದ್ದು ಮೇಡಂ.»